ಉಷ್ಣ ಅಲ್ಲ, ಕಾಯಿಲೆ

ಗುಪ್ತರೋಗ ಎಂದು ಹೆಸರಿಟ್ಟ ಪುಣ್ಯಾತ್ಮ ನಮ್ಮ ಆಸ್ಪತ್ರೆಯ ಹದಿನೇಳನೇ ಕೋಣೆಯನ್ನು ನೋಡಿರಲಿಕ್ಕಿಲ್ಲ. ಅಲ್ಲಿ ರೋಗ ಬಿಟ್ಟು ಮಿಕ್ಕಿದ್ದೆಲ್ಲ ಗುಪ್ತ. ಡಾಕ್ಟರ ಮುಖ ಗುಪ್ತ, ಕರವಸ್ತ್ರದ ಹಿಂದೆ. ಅವರ ಮರ್ಯಾದೆ ಗುಪ್ತ, ಎಲ್ಲಿಟ್ಟಿದ್ದಾರೋ ಯಾರಿಗೂ ಗೊತ್ತಿಲ್ಲ. ನನ್ನ ಕೆಳಹೊಟ್ಟೆಯ ಸಮಾಚಾರ ಮಾತ್ರ ಹೊರಗೆ ಬೆಂಚಿನ ಮೇಲೆ ಕೂತವರಿಗೆಲ್ಲ ಬಾಯಿಪಾಠ.

ನಾನು ಹಬೆ ಲಾಂಡ್ರಿಯಲ್ಲಿ ರೋಲರ್ ಮೇಲೆ ಕೆಲಸ ಮಾಡುವವಳು. ಕುಳ್ಳಗಿದ್ದೇನೆ, ಮಾತು ಚುಚ್ಚುತ್ತದೆ. ಅದಕ್ಕೇ ಎಲ್ಲರೂ ಗುಂಡುಸೂಜಿ ಎನ್ನುತ್ತಾರೆ. ಹೋಟೆಲುಗಳ ಚಾದರ, ಆಸ್ಪತ್ರೆಯ ಚಾದರ, ಎಲ್ಲ ಕೊಳೆಯೂ ನಮ್ಮಲ್ಲಿಗೇ ಬರುತ್ತದೆ. ಒದ್ದೆ ಚಾದರದ ಎರಡು ಮೂಲೆಯನ್ನು ಇಬ್ಬರು ಹಿಡಿದು ಬಿಸಿ ರೋಲರಿನ ಬಾಯಿಗೆ ಕೊಡಬೇಕು. ಆಚೆ ಬದಿಯಲ್ಲಿ ಇಬ್ಬರು ಹಿಡಿದು ಮಡಿಸಬೇಕು. ಚಾದರ ಸುಕ್ಕಾದರೆ ಬೈಗುಳ. ಬೆರಳು ಸುಟ್ಟರೆ ನಮ್ಮದೇ ತಪ್ಪು. ಕಾಲ ಕೆಳಗೆ ಸದಾ ನೀರು, ಮುಖದ ಮೇಲೆ ಸದಾ ಹಬೆ. ಸಂಜೆ ಮನೆಗೆ ಹೋಗುವಾಗ ನಾವೇ ಬೇಯಿಸಿ ಹಿಂಡಿದ ಬಟ್ಟೆಯ ಹಾಗಿರುತ್ತೇವೆ.

ಹನ್ನೊಂದು ಹೆಂಗಸರು, ಮೂರು ಗಂಡಸರು. ಗಂಡಸರೆಂದರೆ ಬಾಯ್ಲರಿನವನು, ವ್ಯಾನಿನವನು, ಮೇಸ್ತ್ರಿ. ಇರುವ ಒಂದೇ ಕಕ್ಕಸಿನ ಬೀಗದ ಕೈ ಮೇಸ್ತ್ರಿಯ ಕುರ್ಚಿಯ ಪಕ್ಕದ ಮೊಳೆಗೆ ನೇತಾಡುತ್ತದೆ. ಹೋಗಬೇಕಾದರೆ ಅವನನ್ನು ಕೇಳಬೇಕು. ಅವನು ಗಡಿಯಾರ ನೋಡುತ್ತಾನೆ, ಆಮೇಲೆ ನಮ್ಮನ್ನು ನೋಡುತ್ತಾನೆ, ಆಮೇಲೆ ಕೊಡುತ್ತಾನೆ.

ನನಗೆ ಮೊದಲು ತುರಿಕೆ ಶುರುವಾಯಿತು. ಆಮೇಲೆ ಬಿಳಿ ಹೋಗತೊಡಗಿತು. ಬಿಳಿ ಎನ್ನುವುದು ಬರೀ ಮಾತಿಗೆ. ಅದು ಹಳದಿಯೂ ಅಲ್ಲದ ಹಸಿರೂ ಅಲ್ಲದ ಬಣ್ಣ, ನೊರೆನೊರೆ, ಹಳಸಿದ ಮೀನಿನ ವಾಸನೆ. ಉಚ್ಚೆ ಹೊಯ್ದರೆ ಮೆಣಸಿನಪುಡಿ ಸವರಿದ ಹಾಗೆ ಉರಿ. ಗಂಡ ಹತ್ತಿರ ಬಂದರೆ ನೋವು. ಉಷ್ಣ, ಎಂದುಕೊಂಡೆ. ಹಬೆಯಲ್ಲಿ ನಿಲ್ಲುವವಳಿಗೆ ಉಷ್ಣವಾಗದೆ ಇನ್ನೇನು? ತಣ್ಣೀರು ಕುಡಿದೆ. ಕುಡಿದಷ್ಟೂ ಬೀಗದ ಕೈ ಕೇಳಬೇಕಾಯಿತು.

“ಇದು ನಾಲ್ಕನೇ ಸಲ,” ಎಂದ ಮೇಸ್ತ್ರಿ. “ಏನ್ ಗುಂಡುಸೂಜಿ, ತೂತಾಗಿದೀಯಾ?”

ಬಾಯ್ಲರಿನವನು ನಕ್ಕ. ನಾನು ತೊಡೆ ಬಿಗಿಹಿಡಿದು ನಿಂತಿದ್ದೆ. ಉತ್ತರ ಕೊಡುವಷ್ಟು ಪುರುಸೊತ್ತು ಇರಲಿಲ್ಲ.

ಮೂರು ತಿಂಗಳು ಹೀಗೇ ಕಳೆಯಿತು. ಕಡೆಗೆ ನನ್ನನ್ನು ಹಿಡಿದವಳು ಸೋಪಕ್ಕ. ನೆನೆಹಾಕುವ ತೊಟ್ಟಿಯ ಬಳಿ ಇಪ್ಪತ್ತು ವರ್ಷ ನಿಂತವಳು, ನಮ್ಮಲ್ಲೆಲ್ಲ ಹಿರಿಯಳು. ಯಾವ ಕಲೆ ರಕ್ತದ್ದು, ಯಾವುದು ಕೀವಿನದು, ಯಾವುದು ಸಾರಿನದು ಎಂದು ದೂರದಿಂದಲೇ ಹೇಳುತ್ತಾಳೆ. ನಾನು ಕಕ್ಕಸಿನಿಂದ ಗೋಡೆ ಹಿಡಿದುಕೊಂಡು ಬರುವುದನ್ನು ನೋಡಿದಳು.

“ಏನೇ ಅದು?”

“ಉಷ್ಣ ಅಕ್ಕಾ.”

“ಉಷ್ಣಕ್ಕೆ ವಾಸನೆ ಬರುತ್ತೇನೇ? ಬಣ್ಣ ಬದಲಾಗುತ್ತಾ? ಅದು ಉಷ್ಣ ಅಲ್ಲ, ಕಾಯಿಲೆ. ಹೋಗಿ ತೋರಿಸ್ಕೊ.”

ಹೋದೆ.

ಹದಿನೇಳನೇ ಕೋಣೆಗೆ ಬಾಗಿಲಿತ್ತು, ಮುಚ್ಚುತ್ತಿರಲಿಲ್ಲ. ಪರೀಕ್ಷೆಯ ಮಂಚ ಬಾಗಿಲಿಗೆ ಎದುರಾಗಿತ್ತು. ಪರದೆ ಕಟ್ಟುವ ಕಂಬಿ ಇತ್ತು, ಪರದೆ ಇರಲಿಲ್ಲ. ಡಾಕ್ಟರು ನನ್ನ ಚೀಟಿ ನೋಡಿ ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ನಾನಿನ್ನೂ ಬಾಯಿಯೇ ತೆರೆದಿರಲಿಲ್ಲ.

“ಎಷ್ಟು ಜನರ ಜೊತೆ?” ಎಂದು ಕೇಳಿದರು. ಮೆಲ್ಲಗಲ್ಲ. ಬಸ್ಸಿನಲ್ಲಿ ಟಿಕೆಟು ಕೇಳುವ ದನಿಯಲ್ಲಿ.

“ಏನು ಸಾರ್?”

“ಎಷ್ಟು ಗಂಡಸರು ಅಂದೆ.”

“ಒಬ್ಬರೇ ಸಾರ್. ಗಂಡ.”

“ಎಲ್ಲರೂ ಹಾಗೇ ಹೇಳೋದು. ಹತ್ತು ಮೇಲೆ.”

ಹತ್ತಿದೆ. ಲಂಗ ಎತ್ತಿದೆ. ಬಾಗಿಲಲ್ಲಿ ಯಾರೋ ಚಹಾ ಹಿಡಿದುಕೊಂಡು ಬಂದರು, ನಿಂತರು, ನೋಡಿದರು, ಮೇಜಿನ ಮೇಲಿಟ್ಟು ಹೋದರು. ಡಾಕ್ಟರು ಮಂಚದ ಹತ್ತಿರ ಬರಲೇ ಇಲ್ಲ. ಒಂದು ಮಾರು ದೂರದಿಂದ ಬಗ್ಗಿ ನೋಡಿ, “ಇಳಿ” ಎಂದರು. ಮುಟ್ಟಿಸಿಕೊಳ್ಳದೆ, ಒಂದು ಹನಿ ರಕ್ತ ತೆಗೆಸಿಕೊಳ್ಳದೆ ನನ್ನ ಪರೀಕ್ಷೆ ಮುಗಿಯಿತು. ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಏನೋ ಬರೆದು ಸುತ್ತ ಗೆರೆ ಎಳೆದರು.

ನಾನು ಲಂಗ ಸರಿಮಾಡಿಕೊಂಡು ಹೊರಗೆ ಬರುವಷ್ಟರಲ್ಲಿ ಚೀಟಿ ನನಗಿಂತ ಮುಂದೆ ಹೋಗಿತ್ತು. ಔಷಧಿ ಕಿಟಕಿಯ ಅಟೆಂಡರು ಅದನ್ನು ಎತ್ತಿ ಹಿಡಿದು ಕೂಗಿದ. “ಬಿಳಿಸೆರಗು, ಗುಪ್ತರೋಗ! ಯಾರಮ್ಮ ಅದು? ಬಾ ಮುಂದೆ!”

ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ಬೆಂಚಿನ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಅವನು ಇನ್ನೊಮ್ಮೆ ಕೂಗಿದ, ಈ ಸಲ ನನ್ನ ಕಡೆ ಬೆರಳು ತೋರಿಸಿ. ನಾನು ಔಷಧಿ ತೆಗೆದುಕೊಳ್ಳದೆ ನಡೆದುಬಿಟ್ಟೆ. ಮೂಲೆಯಲ್ಲಿ ನಮ್ಮ ವ್ಯಾನಿನವನು ಆಸ್ಪತ್ರೆಯ ಕೊಳೆ ಚಾದರದ ಗಂಟು ಹೊತ್ತು ನಿಂತಿದ್ದ. ಅವನ ಬಾಯಿ ತೆರೆದೇ ಇತ್ತು. ಸಂಜೆಯವರೆಗೂ ಅದು ಮುಚ್ಚಲಿಲ್ಲವೆಂದು ಮಾರನೇ ದಿನ ಗೊತ್ತಾಯಿತು.

ಮಾರನೇ ದಿನ ನೀರಿನ ಪಾತ್ರೆಯ ಪಕ್ಕದಲ್ಲಿ ಒಂದು ಲೋಟ ಬೇರೆ ಇಟ್ಟಿತ್ತು. ಅಂಚಿಗೆ ಕೆಂಪು ಬಣ್ಣ ಬಳಿದಿತ್ತು.

“ಇನ್ಮೇಲೆ ಅದು ನಿಂದು,” ಎಂದ ಮೇಸ್ತ್ರಿ. “ರೋಲರ್ ಹತ್ರ ಬರಬೇಡ. ಚಾದರ ಮುಟ್ಟಬೇಡ. ಮೋರಿ ತೊಳಿ.”

“ಚಾದರ ಮುಟ್ಟಿದ್ರೆ ಬರೋ ಕಾಯಿಲೆ ಅಲ್ಲ ಅದು ಮೇಸ್ತ್ರಿಗಳೇ.”

“ನೀನೇನು ಡಾಕ್ಟರಾ?”

“ಚಾದರದಿಂದ ಬರೋದಾದ್ರೆ ಇಷ್ಟು ಹೊತ್ತಿಗೆ ನಮಗೆಲ್ಲ ಊರಿನ ಎಲ್ಲ ಕಾಯಿಲೆ ಬಂದಿರಬೇಕಿತ್ತು. ನಿಮಗೂ.”

ಅವನಿಗೆ ತರ್ಕ ಬೇಕಿರಲಿಲ್ಲ. ನಾನು ಮೋರಿಗಿಳಿದೆ. ಎರಡು ದಿನ ಮೊಣಕಾಲುದ್ದ ಸೋಪಿನ ಗಸಿಯಲ್ಲಿ ನಿಂತು ಕೂದಲು, ಬ್ಯಾಂಡೇಜು, ಗುಂಡಿ ಎತ್ತಿ ಬಕೆಟ್ಟಿಗೆ ಹಾಕಿದೆ. ಕೆಳಗೆ ಉರಿ, ಮೇಲೆ ಜನರ ನೋಟ. ಮಡಿಸುವ ಮೇಜಿನ ಹುಡುಗಿಯೊಬ್ಬಳು ನಾನು ಹತ್ತಿರ ಹೋದರೆ ಸೆರಗು ಎಳೆದುಕೊಂಡಳು. ಐದು ತಿಂಗಳ ಬಸುರಿ ಅವಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳ ತಲೆಯಲ್ಲಿ ಇದನ್ನೆಲ್ಲ ತುಂಬಿದವರ ಮೇಲೆ ಬಂತು.

ಮೂರನೇ ದಿನ ಮೇಸ್ತ್ರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ.

“ಹೋಟೆಲಿನೋರ ಕಿವಿಗೆ ಬಿದ್ರೆ ನಮ್ಮ ಬಾಗಿಲು ಮುಚ್ಚುತ್ತೆ. ಹೆಂಗಸರೆಲ್ಲ ಪರೀಕ್ಷೆ ಮಾಡಿಸಿ. ಚೀಟಿ ತಂದು ನನ್ನ ಮೇಜಿನ ಮೇಲೆ ಇಡಿ. ಯಾರಿಗೆ ಇದೆಯೋ ಅವರು ಮನೆಗೆ.”

“ಗಂಡಸರು?” ಎಂದೆ ಮೋರಿಯಿಂದ.

“ಗಂಡಸರಿಗೇನಾಗಿದೆ?”

“ಅದನ್ನೇ ಅಲ್ವಾ ಪರೀಕ್ಷೆ ಹೇಳೋದು?”

“ಬಾಯ್ಮುಚ್ಚು!” ಎಂದು ಅವನು ಹೊರಟುಹೋದ.

ಊಟದ ಹೊತ್ತಿಗೆ ಹೆಂಗಸರು ನೆನೆಹಾಕುವ ಕೋಣೆಯಲ್ಲಿ ಸೇರಿದರು. ಕೆಲವರು ನನ್ನನ್ನೇ ಬೈದರು, ಎಲ್ಲ ಇವಳಿಂದ ಎಂದು. ಕೆಲವರು ಅತ್ತರು. ಬಸುರಿ ಹುಡುಗಿ ತಾನು ಹೋಗುವುದೇ ಇಲ್ಲ ಎಂದಳು. ತನಗೇನೂ ಆಗಿಲ್ಲ, ಉರಿಯಿಲ್ಲ, ತುರಿಕೆಯಿಲ್ಲ, ಹಿಂದೆ ಒಂದು ಗುಳ್ಳೆ ಆಗಿತ್ತಂತೆ, ನೋವು ಕೂಡ ಇರಲಿಲ್ಲವಂತೆ, ಅದೂ ತಾನಾಗಿಯೇ ಹೋಯಿತಂತೆ.

ಸೋಪಕ್ಕ ತೊಟ್ಟಿಯಿಂದ ಕೈ ತೆಗೆದಳು.

“ಯಾವಾಗ ಆಗಿತ್ತು?”

“ಮದುವೆಯಾದ ಹೊಸದರಲ್ಲಿ ಅಕ್ಕಾ.”

ಸೋಪಕ್ಕ ಕೆಳಗೆ ಕೂತಳು. ಅವಳು ಕೆಲಸದ ಹೊತ್ತಿನಲ್ಲಿ ಕೂತದ್ದನ್ನು ನಾನು ಅವತ್ತೇ ನೋಡಿದ್ದು.

“ನಂಗೂ ಆಗಿತ್ತು ಕಣಮ್ಮಾ. ಒಂದೇ ಹುಣ್ಣು. ನೋವಿಲ್ಲ, ಕೀವಿಲ್ಲ. ಮೂರು ವಾರಕ್ಕೆ ಮಾಯ. ಆಮೇಲೆ ಅಂಗೈ ಅಂಗಾಲಲ್ಲಿ ಕೆಂಪು ಚುಕ್ಕಿ ಎದ್ವು. ಸೋಪು ಒಗ್ಗಲಿಲ್ಲ ಅಂದ್ಕೊಂಡೆ. ಅವೂ ಹೋದ್ವು. ವಾಸಿಯಾಯ್ತು ಅಂತ ಖುಷಿಪಟ್ಟೆ. ಎಲ್ಲಿ ಹೋಗುತ್ತೆ ಅದು? ಒಳಗಿಳಿದು ಕೂತಿತ್ತು. ಮೊದಲನೇ ಕೂಸು ಹೊಟ್ಟೆಯಲ್ಲೇ ಹೋಯ್ತು. ಎರಡನೇದೂ ಹೋಯ್ತು. ಅತ್ತೆ ನನ್ನ ಪಾಪ ಅಂದ್ಲು. ಮೂರನೇ ಸಲ ಒಬ್ಬ ಸೂಲಗಿತ್ತಿ ನರ್ಸು ಬೈದು ರಕ್ತ ಪರೀಕ್ಷೆ ಮಾಡಿಸಿದ್ಲು. ಸೂಜಿ ಕೊಟ್ರು. ಮೂರನೇದು ಉಳೀತು. ನನ್ನ ಪಾಪಕ್ಕೆ ಮದ್ದು ಇತ್ತು ನೋಡು, ಒಂದು ಸೂಜಿ.”

ಬಸುರಿ ಹುಡುಗಿ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು.

“ಹೋಗೋಣ,” ಎಂದಳು ಸೋಪಕ್ಕ. “ಎಲ್ಲರೂ. ಅವನು ಹೇಳಿದ ಅಂತಲ್ಲ. ನಮಗೆ ಬೇಕು ಅಂತ.”

“ಆ ಕೋಣೇಲಿ ಪರದೆ ಇಲ್ಲ ಅಕ್ಕಾ,” ಎಂದೆ ನಾನು.

“ನಾವು ಯಾವ ಕೆಲಸ ಮಾಡ್ತೀವಿ ಅಂತ ಮರೆತೋಯ್ತಾ ನಿಂಗೆ?”

ವಾರದ ರಜೆಯ ದಿನ ಹನ್ನೊಂದು ಮಂದಿಯೂ ಹೋದೆವು. ನನ್ನ ಕಂಕುಳಲ್ಲಿ ಇಸ್ತ್ರಿ ಮಾಡಿದ ಎರಡು ಚಾದರ, ಒಂದು ಉಂಡೆ ಹಗ್ಗ. ಅಟೆಂಡರು ಸೋಪಕ್ಕನನ್ನು ನೋಡಿ ಹಲ್ಲು ಕಿರಿದ.

“ಅಜ್ಜಿ, ಇದು ಆ ಥರದ ಕೋಣೆ. ಕಣ್ಣಿನ ವಿಭಾಗ ಆಕಡೆ.”

“ಕಣ್ಣು ಚೆನ್ನಾಗೇ ಕಾಣುತ್ತೆ ಮಗಾ. ನಿನ್ನ ಪ್ಯಾಂಟಿನ ಗುಂಡಿ ಹಾಕಿಲ್ಲ, ಅದೂ ಕಾಣ್ತಿದೆ.”

ಅವನು ಗುಂಡಿ ಹುಡುಕುವಷ್ಟರಲ್ಲಿ ನಾವು ಒಳಗಿದ್ದೆವು. ನಾನು ಕುರ್ಚಿಯ ಮೇಲೆ ಹತ್ತಿ ಕಂಬಿಗೆ ಚಾದರ ಇಳಿಬಿಟ್ಟೆ. ಇನ್ನೊಂದನ್ನು ಬಾಗಿಲಿಗೆ ಹಗ್ಗದಲ್ಲಿ ಕಟ್ಟಿದೆವು. ಡಾಕ್ಟರು ಎದ್ದು ನಿಂತರು.

“ಏನ್ ಮಾಡ್ತಿದೀರಿ? ಇದು ಆಸ್ಪತ್ರೆ, ಸಂತೆ ಅಲ್ಲ!”

“ಹೌದಾ ಸಾರ್? ಹೋದ ಸಲ ಬಂದಾಗ ಕೂಗಾಟ ಕೇಳಿ ನಾನು ಸಂತೇನೇ ಅಂದ್ಕೊಂಡಿದ್ದೆ.”

“ಯಾರ ಚಾದರ ಇದು?”

“ಮೂಲೇಲಿ ಮುದ್ರೆ ಇದೆ ನೋಡಿ. ನಿಮ್ಮದೇ ಆಸ್ಪತ್ರೆದು. ಒಗೆದವರು ಮಾತ್ರ ನಾವು.”

ಬೆಂಚಿನ ಮೇಲಿದ್ದ ಒಬ್ಬ ಮುದುಕಿ ಜೋರಾಗಿ ನಕ್ಕಳು. ನಗು ಅಂಟಿಕೊಂಡಿತು. ಡಾಕ್ಟರು ಪೊಲೀಸರನ್ನು ಕರೆಸುತ್ತೇನೆ ಎಂದರು. ಕರೆಸಿ, ಎಂದೆವು. ಪರದೆ ಕಟ್ಟಿದ್ದಕ್ಕೆ ಹನ್ನೊಂದು ಹೆಂಗಸರನ್ನು ಹಿಡಿದುಕೊಂಡು ಹೋಗಲಿ, ಊರು ನೋಡಲಿ. ನಾನು ಮುಂದೆ ಹೋಗಿ ಹೇಳಿದೆ, “ಹೆಸರು ಕೂಗಬಾರದು. ಕಾಯಿಲೆ ಕೂಗಬಾರದು. ಒಳಗೆ ಒಬ್ಬರಿರುವಾಗ ಚಹಾ ಬರಬಾರದು. ಎಷ್ಟು ಜನ ಅಂತ ಕೇಳಲೇಬೇಕಾದ್ರೆ ಮೆಲ್ಲಗೆ ಕೇಳಿ. ಗಂಡಸರನ್ನೂ ಕೇಳಿ. ಇಷ್ಟಾಗೋವರೆಗೆ ನಾವು ಇಲ್ಲಿಂದ ಏಳಲ್ಲ.” ಹೇಳಿ ನೆಲದ ಮೇಲೆ ಕೂತೆ. ಉಳಿದ ಹತ್ತೂ ಜನ ಕೂತರು. ಕೋಣೆ ತುಂಬಿತು. ಡಾಕ್ಟರಿಗೆ ಕಾಲಿಡಲು ಜಾಗವಿರಲಿಲ್ಲ. ಅವರು ನಮ್ಮನ್ನು ದಾಟಿಕೊಂಡು ದೊಡ್ಡ ಡಾಕ್ಟರಿಗೆ ದೂರು ಕೊಡಲು ಹೋದರು. ಅರ್ಧ ಗಂಟೆಯ ನಂತರ ದೊಡ್ಡ ಡಾಕ್ಟರ ಬದಲು ಒಬ್ಬ ನರ್ಸಮ್ಮ ಬಂದಳು. ದಪ್ಪ ಕನ್ನಡಕ, ದಣಿದ ಮುಖ. ಪರದೆಯನ್ನು ಮುಟ್ಟಿ ನೋಡಿದಳು.

“ಎರಡು ವರ್ಷದಿಂದ ಬರೆದು ಬರೆದು ಕಳಿಸ್ತಿದೀನಿ, ಒಂದು ಪರದೆ ಕೊಡಿ ಅಂತ,” ಎಂದಳು. “ಏಳಿ. ಒಬ್ಬೊಬ್ಬರೇ ಬನ್ನಿ.”

ಅವಳು ಕೈಗವಸು ಹಾಕಿಕೊಂಡಳು, ಮೂಗು ಮುಚ್ಚಿಕೊಳ್ಳಲಿಲ್ಲ. ಮುಟ್ಟುವ ಮೊದಲು ಕೇಳಿದಳು. ಹತ್ತಿಕಡ್ಡಿಯಲ್ಲಿ ಸ್ರಾವ ತೆಗೆದಳು, ತೋಳಿನಿಂದ ರಕ್ತ ತೆಗೆದಳು. ಅಲ್ಲೇ ಪರೀಕ್ಷೆ ಮಾಡಿ ನೋಡಿ ಪರದೆಯ ಹಿಂದೆ ನನಗೆ ಹೇಳಿದ್ದು ಇಷ್ಟು. ನನ್ನದು ಟ್ರೈಕೊಮೊನಾಸ್ ಎನ್ನುವ ಸೋಂಕು. ಕೇಳಲು ಯಾವುದೋ ರೈಲ್ವೆ ಸ್ಟೇಷನ್ನಿನ ಹೆಸರಿನಂತಿದೆ. ಮಾತ್ರೆಗೆ ಹೋಗುತ್ತದೆ. ರಕ್ತದಲ್ಲಿ ಬೇರೇನೂ ಇಲ್ಲ.

“ನನ್ನ ಗಂಡನಿಗೆ ಏನೂ ಇಲ್ವಲ್ಲ ನರ್ಸಮ್ಮ? ಉರಿಯಿಲ್ಲ, ತುರಿಕೆಯಿಲ್ಲ.”

“ಗಂಡಸರಿಗೆ ಇದು ಹೆಚ್ಚಾಗಿ ಕಾಣಿಸಿಕೊಳ್ಳೋದೇ ಇಲ್ಲ. ಒಳಗಿರುತ್ತೆ. ಅವರೂ ಮಾತ್ರೆ ತಗೋಬೇಕು. ಇಲ್ಲದಿದ್ರೆ ನೀನು ವಾಸಿಯಾಗೋದು, ಮತ್ತೆ ಅಂಟಿಸಿಕೊಳ್ಳೋದು, ಇದೇ ಕೆಲಸ.”

“ಅವರಿಂದಲೇ ಬಂತಾ?”

“ಅದನ್ನ ಪರೀಕ್ಷೆ ಹೇಳಲ್ಲಮ್ಮಾ. ಇದೆಯೋ ಇಲ್ವೋ ಅಷ್ಟೇ ಹೇಳುತ್ತೆ.”

ಹೆಂಗಸರು ಅವಳನ್ನು ಬಿಡಲಿಲ್ಲ. ಪರದೆ ಇದ್ದದ್ದರಿಂದ ನಾಲಿಗೆ ಸಡಿಲವಾಗಿತ್ತು. ಯಾವಾಗ ಪರೀಕ್ಷೆ ಮಾಡಿಸಬೇಕು ಎಂದು ಒಬ್ಬಳು ಕೇಳಿದಳು. ಹುಣ್ಣು, ಗುಳ್ಳೆ, ವಾಸನೆಯ ಸ್ರಾವ, ಉರಿಮೂತ್ರ, ಕೆಳಹೊಟ್ಟೆ ನೋವು, ಮುಟ್ಟಲ್ಲದ ದಿನ ರಕ್ತ, ಇದರಲ್ಲಿ ಯಾವುದು ಕಂಡರೂ ತಡಮಾಡಬೇಡಿ ಎಂದಳು ನರ್ಸಮ್ಮ. ಹೊಸಬರ ಜೊತೆ ಸಂಬಂಧವಾದರೆ, ಜೊತೆಗಾರನಿಗೆ ಏನಾದರೂ ಕಂಡರೆ, ಬಸುರಾದರೆ, ಏನೂ ಕಾಣದಿದ್ದರೂ ಬನ್ನಿ ಎಂದಳು.

“ನಿನ್ನೆ ರಾತ್ರಿ ಆದದ್ದು ಇವತ್ತು ಬೆಳಗ್ಗೆ ಸಿಗುತ್ತಾ?” ಎಂದಳು ಇನ್ನೊಬ್ಬಳು.

“ಸಿಗಲ್ಲ. ಕೆಲವು ಸೋಂಕು ರಕ್ತದಲ್ಲಿ ಕಾಣೋಕೆ ವಾರಗಳು ಬೇಕು. ಎಚ್‌ಐವಿಯಂಥದಕ್ಕೆ ಮೂರು ತಿಂಗಳಾದ ಮೇಲೆ ಇನ್ನೊಂದು ಸಲ ನೋಡಬೇಕು. ಹಾಗಂತ ಅಲ್ಲಿವರೆಗೆ ಕಾಯ್ತಾ ಕೂರಬೇಡಿ. ಅನುಮಾನ ಬಂದ ದಿನವೇ ಬನ್ನಿ.”

“ಗಂಡ ಒಬ್ಬನೇ ಅಂತ ಗೊತ್ತಿದ್ರೂ?”

“ನಿನಗೆ ಗಂಡ ಒಬ್ಬನೇ. ಅವನಿಗೆ ನೀನೊಬ್ಬಳೇನಾ?”

ಕೋಣೆಯಲ್ಲಿ ಹನ್ನೊಂದು ಹೆಂಗಸರು ಒಂದೇ ಸಲ ತಮ್ಮ ತಮ್ಮ ಗಂಡಂದಿರನ್ನು ನೆನೆದರು. ಸೋಪಕ್ಕ, “ಇವಳ ಹೊಟ್ಟೆ ಮೊದಲು ನೋಡಿ,” ಎಂದು ಬಸುರಿ ಹುಡುಗಿಯನ್ನು ಮುಂದೆ ತಳ್ಳಿದಳು. ಆ ಹುಡುಗಿಯ ಚೀಟಿಯಲ್ಲಿ ಏನು ಬಂತು ಎಂದು ನಾನು ಇಲ್ಲಿ ಹೇಳುವುದಿಲ್ಲ. ಅದು ಅವಳದು. ಅವತ್ತು ಅವಳು ಅತ್ತಳು, ಸೋಪಕ್ಕ ಅವಳ ಜೊತೆ ಇನ್ನೊಂದು ಕೋಣೆಗೆ ಹೋದಳು, ಕೂಸು ಈಗ ತೆವಳುತ್ತದೆ. ಇಷ್ಟು ಸಾಕು.

ಚೀಟಿಗಳು ಬಂದ ಮರುದಿನ ಕೆಲಸಕ್ಕೆ ಹೋದೆವು. ಮೇಸ್ತ್ರಿ ಮೇಜಿನ ಮೇಲೆ ಜಾಗ ಮಾಡಿಕೊಂಡು ಕೂತಿದ್ದ.

“ಇಡಿ ಇಲ್ಲಿ.”

ಯಾರೂ ಇಡಲಿಲ್ಲ.

“ಪರೀಕ್ಷೆ ಮಾಡಿಸಿದ್ರಾ ಇಲ್ವಾ?”

“ಮಾಡಿಸಿದ್ವಿ,” ಎಂದೆ. “ಚೀಟಿ ನಿಮಗಲ್ಲ.”

“ಕೆಲಸ ಬೇಕಾ ಬೇಡ್ವಾ?”

“ಬೇಕು. ಚೀಟಿ ಕೊಡಲ್ಲ.”

ಹೇಳಿ ನಾನು ಕೆಂಪು ಅಂಚಿನ ಲೋಟವನ್ನು ತೆಗೆದು ಮೋರಿಗೆ ಎಸೆದೆ. ಪಾತ್ರೆಯ ಪಕ್ಕದಲ್ಲಿದ್ದ ಎಲ್ಲರ ಲೋಟದಲ್ಲಿ ನೀರು ತುಂಬಿ ಕುಡಿದೆ. ಬಸುರಿ ಹುಡುಗಿ ನನ್ನ ಕೈಯಿಂದ ಅದೇ ಲೋಟ ಇಸಿದುಕೊಂಡು ತಾನೂ ಕುಡಿದಳು. ಅರ್ಧ ನೀರು ಕುತ್ತಿಗೆಗೆ ಹೋಯಿತು.

“ಹಾಗಾದ್ರೆ ಎಲ್ಲರೂ ಹೊರಗೆ ನಡೀರಿ,” ಎಂದ ಮೇಸ್ತ್ರಿ.

ನಡೆದೆವು. ದೂರ ಹೋಗಲಿಲ್ಲ, ಅಂಗಳದಲ್ಲಿ ಕೂತೆವು. ಒಳಗೆ ರೋಲರ್ ಖಾಲಿ ತಿರುಗುತ್ತಿತ್ತು. ತೊಳೆದ ಚಾದರ ಗುಡ್ಡೆಯಾಗಿ ಬಿದ್ದಿತ್ತು. ಮೇಸ್ತ್ರಿ, ಬಾಯ್ಲರಿನವನು, ವ್ಯಾನಿನವನು ಸೇರಿ ಒಂದು ಚಾದರ ಹಿಡಿದರು. ಅದು ಅಡ್ಡಡ್ಡ ಹೋಗಿ ಸಿಕ್ಕಿಹಾಕಿಕೊಂಡಿತು. ಸುಟ್ಟ ವಾಸನೆ ಬಂತು. ಸೋಪಕ್ಕ, “ಮೂಲೆ ಹಿಡೀರೋ, ಮೂಲೆ!” ಎಂದು ಹೊರಗಿನಿಂದ ಕೂಗಿದಳು. ನಾವು ಹೊಟ್ಟೆ ಹಿಡಿದು ನಕ್ಕೆವು.

ಹೋಟೆಲಿನಿಂದ ಫೋನು ಬಂತು. ಇನ್ನೊಂದು ಬಂತು. ಮೇಸ್ತ್ರಿ ಅಂಗಳಕ್ಕೆ ಬಂದ, ಬೆವರು ಇಳಿಯುತ್ತಿತ್ತು. “ಹಾದರಗಿತ್ತೀರಾ,” ಎಂದು ಶುರುಮಾಡಿದ.

ಸೋಪಕ್ಕ ಎದ್ದಳು. “ಏಯ್, ವಾರಾ ವಾರಾ ಮನೆಯಿಂದ ಗಂಟು ಕಟ್ಕೊಂಡು ಬಂದು ಕಳ್ಳತನದಲ್ಲಿ ನಮ್ಮ ಕೈಲಿ ಒಗೆಸ್ತೀಯಲ್ಲ, ನಿನ್ನ ಚಡ್ಡಿ...”

ನಾನು ಅವಳ ಕೈ ಹಿಡಿದೆ. ನನಗೂ ಗೊತ್ತಿತ್ತು. ತೊಟ್ಟಿಯ ಬಳಿ ಎಲ್ಲರಿಗೂ ಗೊತ್ತಿತ್ತು. ಒಂದು ತಿಂಗಳಿಂದ ಅವನ ಚಡ್ಡಿಯಲ್ಲಿ ಹಳದಿ ಕೀವಿನ ಕಲೆ. ಅವನೂ ಈಚೆಗೆ ಕಕ್ಕಸಿಗೆ ಹೋಗಿ ಹಲ್ಲು ಕಚ್ಚಿಕೊಂಡು ಬರುತ್ತಿದ್ದ. ಕೂಗಿಬಿಡಬಹುದಿತ್ತು. ಕೂಗಬೇಕೆಂದು ನನ್ನ ನಾಲಿಗೆಯೂ ತುರಿಸುತ್ತಿತ್ತು. ಆದರೆ ಕೂಗಿದರೆ ನನಗೂ ಆ ಅಟೆಂಡರಿಗೂ ಏನು ವ್ಯತ್ಯಾಸ?

ಮೇಸ್ತ್ರಿಯನ್ನು ಗೋಡೆಯ ಕಡೆ ಕರೆದೆ. ಅವನ ಕಿವಿಗೆ ಮಾತ್ರ ಕೇಳುವ ಹಾಗೆ ಹೇಳಿದೆ. “ಬಟ್ಟೆ ಒಗೆಯೋರಿಗೆ ಎಲ್ಲ ಗೊತ್ತಿರುತ್ತೆ ಮೇಸ್ತ್ರಿಗಳೇ. ನಿಮ್ಮದೂ ಉಷ್ಣ ಅಲ್ಲ. ಹದಿನೇಳನೇ ಕೋಣೆ. ಮನೆಯವರನ್ನೂ ಕರ್ಕೊಂಡು ಹೋಗಿ. ಯಾರೂ ಕೂಗಲ್ಲ.”

ಅವನ ಮುಖ ಬ್ಲೀಚಿಗೆ ಹಾಕಿ ತೆಗೆದ ಹಾಗಾಯಿತು. ಒಳಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಬಾಯ್ಲರಿನವನು ಬಂದು, “ಕೆಲಸಕ್ಕೆ ಬರಬೇಕಂತೆ” ಎಂದ.

“ಚೀಟಿ?”

“ಅದರ ಸುದ್ದಿ ಎತ್ತಲಿಲ್ಲ.”

“ಕಕ್ಕಸಿನ ಬೀಗದ ಕೈ?”

ಅವನು ಒಳಗೆ ಹೋಗಿ ಕೇಳಿಕೊಂಡು ಬಂದ. ಮೇಸ್ತ್ರಿ ಅದನ್ನು ಮೊಳೆಯಿಂದ ತೆಗೆದು ಬಾಗಿಲಿಗೇ ಸಿಕ್ಕಿಸಿದ್ದಾನಂತೆ. ಎದ್ದೆವು. ಇಷ್ಟು ದಿನ ಮೋರಿಯಲ್ಲಿ ನಿಂತ ನನ್ನ ಕಾಲಿನ ಚರ್ಮ ಸುಲಿದಿತ್ತು. ರೋಲರಿನ ಮುಂದೆ ನಿಂತಾಗ ಸುಟ್ಟ ಚಾದರವನ್ನು ಮೊದಲು ಬಿಡಿಸಬೇಕಾಯಿತು. ಮೂರು ಗಂಡಸರು ಸೇರಿ ಅದಕ್ಕೆ ಒಳ್ಳೆಯ ಗತಿ ಕಾಣಿಸಿದ್ದರು.

ಲಾಂಡ್ರಿಯ ಗಂಡಸರನ್ನು ಗೆದ್ದದ್ದು ಸುಲಭ. ಮನೆಯಲ್ಲಿ ಒಬ್ಬ ಕೂತಿದ್ದ.

ನನ್ನ ಗಂಡ ಕಟ್ಟಡಗಳಿಗೆ ಸುಣ್ಣ ಬಣ್ಣ ಬಳಿಯುವವನು. ಊರೂರು ಹೋಗುತ್ತಾನೆ, ಒಂದು ಕಡೆ ಹದಿನೈದು ದಿನ, ಇನ್ನೊಂದು ಕಡೆ ತಿಂಗಳು. ಮಾತ್ರೆಯ ಪೊಟ್ಟಣ ಅವನ ಮುಂದಿಟ್ಟು ವಿಷಯ ಹೇಳಿದೆ. ಅವನು ಪೊಟ್ಟಣವನ್ನು ಕಾಲಿನಿಂದ ಸರಿಸಿದ.

“ಯಾರ ಹತ್ರ ಹೋಗಿದ್ದೆ?”

“ನಾನು ರೋಲರ್ ಹತ್ರ ಬಿಟ್ಟು ಎಲ್ಲೂ ಹೋಗಿಲ್ಲ. ನೀನು ಎಲ್ಲಿಗೆ ಹೋಗಿದ್ದೆ?”

ಹದಿನಾಲ್ಕು ವರ್ಷದಲ್ಲಿ ಅವನನ್ನು ‘ನೀವು’ ಎಂದೇ ಕರೆದಿದ್ದೆ. ‘ನೀನು’ ಎಲ್ಲಿಂದ ಬಂತೋ ಗೊತ್ತಿಲ್ಲ. ಬಂದದ್ದು ಹಿಂದಕ್ಕೆ ಹೋಗಲಿಲ್ಲ. ಅವನು ಕೈ ಎತ್ತಿದ. ನಾನು ಕದಲಲಿಲ್ಲ. ಬಿಸಿ ರೋಲರಿನ ಮುಂದೆ ನಿಂತವಳಿಗೆ ಒಂದು ಕೈ ಏನು ಮಹಾ. ಎತ್ತಿದ ಕೈಯಲ್ಲಿ ಅವನು ತನ್ನ ತಲೆ ಕೆರೆದುಕೊಂಡ.

“ನಂಗೇನೂ ಆಗಿಲ್ಲ,” ಎಂದ.

“ಆಗಿರೋದು ಕಾಣಲ್ಲವಂತೆ. ಅದಕ್ಕೇ ಪರೀಕ್ಷೆ.”

“ಗಂಡಸರು ಅಲ್ಲಿಗೆಲ್ಲ ಹೋಗ್ತಾರೇನೇ?”

“ಕಾಯಿಲೆ ತರೋಕೆ ಹೋಗ್ತಾರಲ್ಲ, ಬಿಡೋಕೂ ಹೋಗಲಿ. ಹೋಗೋವರೆಗೆ ನಿನ್ನ ಚಾಪೆ ಪಡಸಾಲೆಯಲ್ಲಿ.”

ಅವನ ಚಾಪೆ, ದಿಂಬು, ಬೀಡಿ ಕಟ್ಟು ತೆಗೆದು ಪಡಸಾಲೆಗೆ ಹಾಕಿದೆ. ಒಳಗಿನ ಬಾಗಿಲಿಗೆ ಅಗುಳಿ ಹಾಕಿದೆ. ಅವನು ಮೊದಲ ದಿನ ಬೈದ. ಎರಡನೇ ದಿನ ಊಟ ಬಿಟ್ಟ. ಮೂರನೇ ದಿನ ಎರಡು ಸಲ ಊಟ ಮಾಡಿದ. ನಿನ್ನ ತಾಯಿಗೆ ಹೇಳುತ್ತೇನೆ ಎಂದ. ಹೇಳು, ಏನೆಂದು ಹೇಳುತ್ತೀಯೋ ನಾನೂ ಕೇಳಬೇಕು ಎಂದೆ. ಐದನೇ ದಿನ ಅವನು ಬಣ್ಣದ ಡಬ್ಬ ಹಿಡಿದು ಕೆಲಸಕ್ಕೆ ಹೊರಟವನು ಮಧ್ಯಾಹ್ನವೇ ಬಂದ. ತೋಳಿನ ಮಡಿಕೆಯಲ್ಲಿ ಹತ್ತಿ ಇತ್ತು. ಅದನ್ನು ಗಾಯವಾದವನ ಹಾಗೆ ಒತ್ತಿ ಹಿಡಿದಿದ್ದ.

“ಆ ನರ್ಸು ಸೂಜಿ ತೆಗೆದಾಗ ಕಣ್ಣು ಮುಚ್ಕೊಂಡೆ,” ಎಂದ. “ಹೋದ ವರ್ಷ, ಆ ದೊಡ್ಡ ಕಟ್ಟಡದ ಕೆಲಸಕ್ಕೆ ಹೋಗಿದ್ದಾಗ...”

“ಗೊತ್ತಾಯ್ತು ಬಿಡು.”

“ನಿಂಗೆ ಸಿಟ್ಟಿದೆಯಾ?”

ಇತ್ತು. ಈಗಲೂ ಇದೆ. ಅದನ್ನು ಹೇಳಲು ಹೋಗಲಿಲ್ಲ. ನೀರು ಕೊಟ್ಟೆ. ನರ್ಸಮ್ಮ ಕೊಟ್ಟ ಮಾತ್ರೆಯನ್ನು ನನ್ನ ಕಣ್ಣೆದುರೇ ನುಂಗಿದ. ನಾಲಿಗೆ ಎತ್ತು ಎಂದೆ, ಎತ್ತಿದ. ಆಮೇಲೆ ಮೆಲ್ಲಗೆ ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಒಳಗಿನ ಬಾಗಿಲ ಕಡೆ ಹೊರಟ.

“ಎಲ್ಲಿಗೆ?”

“ಮಾತ್ರೆ ತಗೊಂಡ್ನಲ್ಲ.”

ಇಬ್ಬರೂ ಮಾತ್ರೆ ಮುಗಿಸಿದ ಮೇಲೆ ಏಳು ದಿನ ಕೂಡಬೇಡಿ ಎಂದಿದ್ದಳು ನರ್ಸಮ್ಮ.

“ಒಂದು ತಿಂಗಳು,” ಎಂದೆ.

“ಒಂದು ತಿಂಗಳಾ? ಯಾರು ಹೇಳಿದ್ದು?”

“ಡಾಕ್ಟರು.”

ಅವನು ಚಾಪೆಯನ್ನು ಮತ್ತೆ ಪಡಸಾಲೆಯಲ್ಲಿ ಬಿಡಿಸಿದ. ಆ ಡಾಕ್ಟರಿಂದ ನನಗೆ ಆದ ಒಂದೇ ಉಪಕಾರ ಅದು.